ಮೈಸೂರಿಗೆ, ಕೆ.ಆರ್. ಪುರಂ ಮಾರ್ಗವಾಗಿ

ನಾನು ಪ್ಲಾನಿಂಗ್ ವಿಭಾಗದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನೆಲ್ಲ ಓದಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ.

ಬೆಂಗಳೂರಿನ ಪೂರ್ವಕ್ಕೆ ಒಂದು ದೊಡ್ಡ ಸರ್ಕಾರಿ ಕಾರ್ಖಾನೆ. ಅಲ್ಲಿ ಯಾವ ಬಿಡಿಭಾಗ ಯಾವ ಶೆಡ್ಡಿನಿಂದ ಯಾವ ಶೆಡ್ಡಿಗೆ ಎಷ್ಟು ಗಂಟೆಗೆ ಹೋಗಬೇಕು ಎಂದು ಬರೆದಿಡುವುದು ನನ್ನ ಕೆಲಸ. ಹದಿನೆಂಟು ವರ್ಷ ಬರೆದಿದ್ದೆ. ಅವು ಆ ಗಂಟೆಗೆ ಹೋಗುತ್ತಿದ್ದವೇ ಎಂಬುದು ಬೇರೆ ವಿಭಾಗದ ವಿಚಾರ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಮಗಳು ವಿದ್ಯಾ ಹಲಸೂರಿನ ಒಂದು ಸಣ್ಣ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಆ ವರ್ಷದ ಪೋಷಕರ ಸಭೆಯಲ್ಲಿ ಹೆಡ್ ಮಿಸ್ ಎದ್ದು ನಿಂತು, "ಈ ವರ್ಷನೂ ಟೂರ್ ಇಲ್ಲ. ಜವಾಬ್ದಾರಿ ತಗೊಳ್ಳೋರು ಯಾರೂ ಇಲ್ಲ" ಎಂದರು. ಹಿಂದಿನ ಬೆಂಚುಗಳಲ್ಲಿ ಕೂತಿದ್ದ ಮಕ್ಕಳು ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮೂರು ವರ್ಷದಿಂದ ಅವರು ಮೈಸೂರು, ಮೈಸೂರು ಎಂದು ಜಪಿಸುತ್ತಿದ್ದರು. ಪಠ್ಯಪುಸ್ತಕದಲ್ಲಿ ಅರಮನೆಯ ಒಂದು ಚಿತ್ರವಿತ್ತು, ಬೆರಳು ಇಟ್ಟು ಇಟ್ಟು ಅದರ ಗೋಪುರವೇ ಅಳಿಸಿ ಹೋಗಿತ್ತು. ನಲವತ್ತೆರಡು ಮಕ್ಕಳಲ್ಲಿ ಮುಕ್ಕಾಲು ಪಾಲು ಮೆಜೆಸ್ಟಿಕ್ ದಾಟಿ ಆಚೆಗೆ ಹೋದವರಲ್ಲ.

ನಾನು ಎದ್ದು ನಿಂತೆ. "ಮೇಡಂ, ನಾನಿದ್ದೀನಿ."

ವಿದ್ಯಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸಂತೋಷಕ್ಕೆ ಎಂದುಕೊಂಡೆ.

ಹೆಡ್ ಮಿಸ್ ಕನ್ನಡಕದ ಮೇಲಿನಿಂದ ನನ್ನನ್ನು ಅಳೆದರು. "ಮೂರ್ತಿಯವ್ರೇ, ಒಂದೇ ಒಂದು ಅವಕಾಶ. ಮಕ್ಕಳು ಅರಮನೆ ಒಳಗಡೆ ಹೋಗಿ ನೋಡ್ಕೊಂಡು ಬರ್ಬೇಕು. ಬಂದ್ರೆ ಮುಂದಿನ ವರ್ಷನೂ ಟೂರ್ ಇರುತ್ತೆ. ಇಲ್ದಿದ್ರೆ ಈ ಸ್ಕೂಲಲ್ಲಿ ಟೂರ್ ಅನ್ನೋ ಮಾತು ಯಾರೂ ಎತ್ಬಾರ್ದು. ಆಯ್ತಾ?"

"ಮೇಡಂ, ನಾನು ಪ್ಲಾನಿಂಗ್ ವಿಭಾಗದವನು" ಎಂದೆ.

ಮೊದಲು ದಿನ ಗೊತ್ತುಮಾಡಬೇಕಿತ್ತು. ಇದೇನು ಮಹಾ ಕೆಲಸ ಎಂದುಕೊಂಡೆ. ನಮ್ಮ ಕಂಟೋನ್ಮೆಂಟ್ ಕಡೆಯ ಶಾಲೆ ಎಂದರೆ ಗೊತ್ತಲ್ಲ, ಒಂದು ಬೆಂಚಿನಲ್ಲಿ ನಾಲ್ಕು ಮಕ್ಕಳು ಕೂತರೆ ಮನೆಯಲ್ಲಿ ಐದು ಭಾಷೆ. ಭಾನುವಾರ ಎಂದೆ, ಏಳೆಂಟು ಮಕ್ಕಳಿಗೆ ಚರ್ಚು. ಶುಕ್ರವಾರ ಎಂದೆ. ಕಮರ್ಷಿಯಲ್ ಸ್ಟ್ರೀಟ್ ಹಿಂದೆ ಟೈಲರ್ ಅಂಗಡಿ ಇಟ್ಟಿದ್ದ ಖಲೀಲ್ ಸಾಹೇಬರು ಮೆಲ್ಲಗೆ ಕೈ ಎತ್ತಿ, "ಸಾಬ್, ಜುಮ್ಮಾ ಐತೆ. ನಮ್ದು ಹುಡ್ಗ ಬರಲ್ಲ" ಎಂದರು. ಮಂಗಳವಾರ ಮೃಗಾಲಯಕ್ಕೇ ರಜೆ. ಸೋಮವಾರ ಟೆಸ್ಟು, ಬುಧವಾರ ಗಣಿತದ ವಿಶೇಷ ತರಗತಿ, ಗುರುವಾರ ಇನ್ಸ್‌ಪೆಕ್ಟರು. ಉಳಿದದ್ದು ಶನಿವಾರ.

ಆಗ ಹಿಂದಿನಿಂದ ಒಬ್ಬರು ಅಜ್ಜಿ ಎದ್ದರು. ಕಲಬುರಗಿ ಕಡೆಯವರು, ಹೆಸರು ಶರಣಮ್ಮ. ಮಗ, ಸೊಸೆ ಗಾರೆ ಕೆಲಸಕ್ಕೆಂದು ಬಂದು ಕೆ.ಆರ್. ಪುರಂನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದರು. ಮೊಮ್ಮಗಳು ಮಹಾದೇವಿ ನಮ್ಮ ವಿದ್ಯಾಳ ಪಕ್ಕದ ಬೆಂಚು.

"ಶನಿವಾರ ಒಂಬತ್ತರಿಂದ ಹತ್ತೂವರಿ ತನಕ ರಾಹುಕಾಲ ಅದ ನೋಡ್ರಿ, ಮಾಸ್ತರ."

"ಅಮ್ಮ, ಒಂಬತ್ತಕ್ಕೆ ನಾವು ಮದ್ದೂರಲ್ಲಿ ವಡೆ ತಿಂತಾ ಇರ್ತೀವಿ!" ಎಂದೆ. ಸಭೆ ನಕ್ಕಿತು. ನಾನೂ ನಕ್ಕೆ.

ಆ ರಾತ್ರಿಯಿಂದಲೇ ಊಟದ ಮೇಜಿನ ಮೇಲೆ ಚಾರ್ಟು ಹರಡಿದೆ. ಹನ್ನೊಂದು ಸ್ಥಳಗಳು. ಶ್ರೀರಂಗಪಟ್ಟಣದ ಕೋಟೆ, ದೇವಸ್ಥಾನ, ಬೆಟ್ಟ, ಮೃಗಾಲಯ, ಅರಮನೆ, ಹೀಗೆ. ಪ್ರಯಾಣಕ್ಕೆ ನೀಲಿ, ವೀಕ್ಷಣೆಗೆ ಹಸಿರು, ಆಹಾರಕ್ಕೆ ಕೆಂಪು. ಪ್ರತಿಯೊಂದಕ್ಕೂ ನಿಮಿಷಗಳು. ನನ್ನ ಹೆಂಡತಿ ಪದ್ಮಾ ಸೊಪ್ಪು ಬಿಡಿಸುತ್ತ ಪಕ್ಕದಲ್ಲಿ ಕೂತು ಬಗ್ಗಿ ನೋಡಿದಳು.

"ರೀ, ಆನೆಗೆ ನಾಲ್ಕೇ ನಿಮಿಷನಾ?"

"ಸಾಕು. ದೊಡ್ಡದು, ಬೇಗ ಕಾಣ್ಸುತ್ತೆ."

"ಜಿರಾಫೆಗೆ ಆರು ಕೊಟ್ಟಿದ್ದೀರಿ?"

"ಕತ್ತು ಉದ್ದ ಕಣೇ. ಮೇಲಿಂದ ಕೆಳಗಿನ ತನಕ ನೋಡ್ಬೇಡ್ವಾ?"

ಅವಳು ಇನ್ನೊಂದು ಕಟ್ಟು ಸೊಪ್ಪು ಎಳೆದುಕೊಂಡಳು. ಆಮೇಲೆ, "ಮಕ್ಕಳು ಒಂದಕ್ಕೆ ಹೋಗೋದು ಯಾವ ಬಣ್ಣ?" ಎಂದಳು.

"ಪದ್ಮಾ, ಇದು ಶೈಕ್ಷಣಿಕ ಪ್ರವಾಸ."

"ಶಿಕ್ಷಣ ತಗೊಳ್ಳೋರಿಗೆ ಅದು ಬರಲ್ವಾ?"

ಇಂಥ ಕ್ಷುಲ್ಲಕ ಪ್ರಶ್ನೆಗಳಿಗೆ ಯೋಜನಾ ವಿಭಾಗ ಉತ್ತರಿಸುವುದಿಲ್ಲ. ಮಾರನೆಯ ದಿನ ಚಾರ್ಟನ್ನು ಕಾರ್ಖಾನೆಗೆ ಒಯ್ದು, ನಕ್ಷೆಗಳನ್ನು ಪ್ರಿಂಟ್ ಹಾಕುವ ಯಂತ್ರದಲ್ಲಿ ಐವತ್ತು ನೀಲಿ ಪ್ರತಿ ತೆಗೆಸಿದೆ. ಮನೆ ಮನೆಗೆ ಒಂದೊಂದು. ಅಮೋನಿಯಾ ವಾಸನೆಗೆ ಮಕ್ಕಳ ಕಣ್ಣಲ್ಲಿ ನೀರು ಬಂತು. ಸಂಭ್ರಮ!

ಈಗ ಬಸ್ಸು. ದಿನಾ ನಮ್ಮನ್ನು ಮೊದಲ ಶಿಫ್ಟಿಗೆ ಕರೆದೊಯ್ಯುವ ಬಾಡಿಗೆ ಬಸ್ಸಿನ ಮಾಲೀಕರನ್ನೇ ಕೇಳಿದೆ. ಶನಿವಾರ ನಮ್ಮವರಿಗೆ ಬೇರೊಂದು ಬಸ್ಸು ಬಿಟ್ಟು, ಈ ಬಸ್ಸನ್ನೂ ಚಾಲಕ ಆರ್ಮುಗಂನನ್ನೂ ನನಗೆ ಕೊಟ್ಟರು. ಆರ್ಮುಗಂ ಹದಿನಾಲ್ಕು ವರ್ಷದಿಂದ ಅದೇ ರೂಟಿನಲ್ಲಿ ಓಡಿಸುತ್ತಿದ್ದವನು. ಶಿವಾಜಿನಗರದಲ್ಲಿ ಗ್ಯಾರೇಜು. ಅಲ್ಲಿಂದ ಹೊರಟು ಸ್ಟಾಪಿನಿಂದ ಸ್ಟಾಪಿಗೆ ಜನರನ್ನು ಹತ್ತಿಸಿಕೊಳ್ಳುತ್ತ ಬರುವುದು. ಹತ್ತಿದವರು ಕೂತ ತಕ್ಷಣ ನಿದ್ದೆ. ಎಚ್ಚರವಾಗುವುದು ಕಾರ್ಖಾನೆಯ ಗೇಟಿನಲ್ಲಿ. ನಿದ್ದೆಯ ವಿಷಯದಲ್ಲಿ ಸರ್ಕಾರಿ ಕಾರ್ಖಾನೆಯ ನೌಕರರಷ್ಟು ಶಿಸ್ತು ಸೈನ್ಯದಲ್ಲೂ ಇರಲಿಕ್ಕಿಲ್ಲ.

ಎಲ್ಲ ಮಕ್ಕಳೂ ಶಾಲೆಯ ಗೇಟಿಗೇ ಬರಲಿ ಎಂದು ಮುಂದಿನ ಸಭೆಯಲ್ಲಿ ಸಮಾಜ ಪಾಠದ ಶಾಂತಾ ಮಿಸ್ ಹೇಳಿದರು. ನಮ್ಮ ಜೊತೆ ಬರುವ ಟೀಚರ್ ಅವರೇ.

"ಅಷ್ಟು ಬೆಳಗ್ಗೆ ಮಕ್ಕಳು ಹೇಗೆ ಬರ್ತಾರೆ ಮಿಸ್? ನಾವೇ ಸ್ಟಾಪ್ ಸ್ಟಾಪಿಗೆ ಹೋಗಿ ಹತ್ತಿಸ್ಕೊಳ್ಳೋಣ. ನಮ್ಮ ಫ್ಯಾಕ್ಟರಿ ಬಸ್ ಥರ!"

ಪೋಷಕರು ಚಪ್ಪಾಳೆ ತಟ್ಟಿದರು. ನಾನು ರೂಟು ಬರೆದು, ಅದಕ್ಕೂ ಐವತ್ತು ನೀಲಿ ಪ್ರತಿ ತೆಗೆಸಿ ಹಂಚಿದೆ. ಐದಕ್ಕೆ ಶಿವಾಜಿನಗರ, ಆಮೇಲೆ ಲಿಂಗರಾಜಪುರ, ಹಲಸೂರು, ಇಂದಿರಾನಗರ, ಸಿ.ವಿ. ರಾಮನ್ ನಗರ, ಏಳಕ್ಕೆ ಕೆ.ಆರ್. ಪುರಂ. ಕೆ.ಆರ್. ಪುರಂನಲ್ಲಿ ಮಹಾದೇವಿಯೂ ಸೇರಿ ಅದೇ ಬೀದಿಯ ಏಳು ಮಕ್ಕಳು. ಶಾಂತಾ ಮಿಸ್ ಮನೆಯೂ ಅಲ್ಲೇ. ಅಲ್ಲಿಂದ ನೇರ ಮೈಸೂರು!

ಓದುಗರಲ್ಲಿ ಬೆಂಗಳೂರು ಬಲ್ಲವರು ಈಗಾಗಲೇ ಹಣೆ ಚಚ್ಚಿಕೊಂಡಿರುತ್ತೀರಿ. ಮೈಸೂರು ಇರುವುದು ಊರಿನ ಪಶ್ಚಿಮಕ್ಕೆ. ಕೆ.ಆರ್. ಪುರಂ ಪೂರ್ವದ ತುದಿ. ಅಲ್ಲಿಂದ ನೇರ ಹೋದರೆ ಸಿಗುವುದು ಕೋಲಾರ! ಆದರೆ ಐವತ್ತು ಪ್ರತಿ ಹಂಚಿದರೂ ಒಬ್ಬರೂ ತುಟಿ ಬಿಚ್ಚಲಿಲ್ಲ. ಬಿಚ್ಚುವುದು ಹೇಗೆ? ನಮ್ಮ ಕಡೆಯ ಗಂಡಸರಿಗೆಲ್ಲ ಬೆಳಗ್ಗೆ ಎಂದರೆ ಪೂರ್ವ, ಸಾಯಂಕಾಲ ಎಂದರೆ ಪಶ್ಚಿಮ. ಹೋಗುವಾಗಲೂ ಕಣ್ಣಿಗೆ ಬಿಸಿಲು, ಬರುವಾಗಲೂ ಕಣ್ಣಿಗೆ ಬಿಸಿಲು. ಬೆಳಗ್ಗೆ ಹೊತ್ತು ಬಸ್ಸು ಬೇರೆ ದಿಕ್ಕಿಗೂ ಹೋಗಬಹುದು ಎಂಬ ಅನುಮಾನವೇ ಯಾರಿಗೂ ಬಂದಿರಲಿಲ್ಲ.

ಆ ಶನಿವಾರ ಬಂತು. ಹಿಂದಿನ ರಾತ್ರಿ ಉತ್ಸಾಹಕ್ಕೆ ಕಣ್ಣು ಮುಚ್ಚಿರಲಿಲ್ಲ. ಇಂದಿರಾನಗರದ ನಮ್ಮ ಮನೆಯಿಂದ ಆಟೋ ಹಿಡಿದು ವಿದ್ಯಾಳನ್ನೂ ಕರೆದುಕೊಂಡು ಗ್ಯಾರೇಜಿಗೇ ಹೋದೆ. ಬಸ್ಸಿನ ಎರಡೂ ಪಕ್ಕ 'ಮೈಸೂರು ಶೈಕ್ಷಣಿಕ ಪ್ರವಾಸ' ಎಂಬ ಬಟ್ಟೆಯ ಬ್ಯಾನರು ಕಟ್ಟಿಸಿದೆ. ಆರ್ಮುಗಂ ನಿಂಬೆಹಣ್ಣು ತುಳಿಸಿ ಗಾಡಿ ತೆಗೆದ. ಐದು ಗಂಟೆಗೆ ಶಿವಾಜಿನಗರ, ಕರಾರುವಾಕ್ಕು! ಖಲೀಲ್ ಸಾಹೇಬರು ಮಗ ಇರ್ಫಾನನ ಕೈಗೆ ಎರಡು ಟಿಫನ್ ಕ್ಯಾರಿಯರ್ ಕೊಟ್ಟು, "ಪ್ಯಾಲೇಸ್ ಸರಿಯಾಗಿ ನೋಡ್ಕೊಂಡ್ ಬಾ ಬೇಟಾ, ರಾಜಾ ಕೋಟು ಹ್ಯಾಗೆ ಹೊಲ್ಸಿದಾರೆ ಅಂತ ನಂಗೆ ಹೇಳ್ಬೇಕು" ಎಂದರು. ಲಿಂಗರಾಜಪುರ, ಹಲಸೂರು, ಇಂದಿರಾನಗರ, ಒಂದು ನಿಮಿಷವೂ ಹೆಚ್ಚು ಕಡಿಮೆ ಇಲ್ಲ. ಮಕ್ಕಳು ಹಾಡಿದರು, ಕುಣಿದರು. ಸಿ.ವಿ. ರಾಮನ್ ನಗರದವರು ಹತ್ತುವಷ್ಟರಲ್ಲಿ ಅರ್ಧ ಬಸ್ಸು ಮಲಗಿತ್ತು. ನಾನು ದಿನಾ ಕೂರುವ ಸೀಟಿನಲ್ಲಿ ಕೂತೆ. ಎಡಗಡೆ, ಮೂರನೆಯದು. ಕಿಟಕಿಗೆ ತಲೆ ತಗುಲಿತು.

ಅಷ್ಟೇ ಗೊತ್ತು.

ಸಿ.ವಿ. ರಾಮನ್ ನಗರದಿಂದ ಕೆ.ಆರ್. ಪುರಂಗೆ ಹೋಗುವ ದಾರಿಯಲ್ಲೇ ನಮ್ಮ ಕಾರ್ಖಾನೆ. ಗೇಟು ಕಂಡ ಕೂಡಲೇ ಆರ್ಮುಗಂನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಬಸ್ಸು ನಿಂತಿತು. ಸೈರನ್ ಕೂಗಿತು. ಹದಿನೆಂಟು ವರ್ಷದಿಂದ ಆ ಬ್ರೇಕಿಗೆ, ಆ ಸೈರನ್ನಿಗೆ ಏಳುತ್ತಿದ್ದ ನನ್ನ ದೇಹ ಎದ್ದಿತು. ನಾನಲ್ಲ, ದೇಹ. ಅದು ಬಸ್ಸಿನಿಂದ ಇಳಿಯಿತು. ಸಾಲಿನಲ್ಲಿ ನಿಂತಿತು. ಹಲಗೆಯಿಂದ ನನ್ನ ಹಾಜರಿ ಕಾರ್ಡು ಎಳೆದು ಯಂತ್ರಕ್ಕೆ ತೂರಿಸಿತು. ಟಕ್! ನಮ್ಮ ಶೆಡ್ಡಿನವರೆಗೂ ನಡೆಯಿತು. ಅಲ್ಲಿ ನನ್ನ ಗೆಳೆಯ ನಂಜುಂಡ ಓವರಾಲ್ ಹಾಕಿಕೊಳ್ಳುತ್ತಿದ್ದವನು ಬಾಯಿ ತೆರೆದು ನಿಂತ.

"ಏನ್ ಗುರು, ಇವತ್ತು ರಜಾ ಅಂದಿದ್ದೆ? ಮೈಸೂರು?"

ಆಗ ನನಗೆ ಎಚ್ಚರವಾಯಿತು!

ಓಡಿದೆ. ಗೇಟಿನಲ್ಲಿ ಮೀಸೆಯ ಕಾವಲುಗಾರ ಮುನಿಯಪ್ಪ ಅಡ್ಡ ನಿಂತ. "ಎಲ್ಲಿಗೆ ಸಾರ್? ಗೇಟ್ ಪಾಸ್?"

"ಮುನಿಯಪ್ಪ, ನಾನು ಇವತ್ತು ರಜಾದಲ್ಲಿದ್ದೀನಿ ಕಣಯ್ಯ!"

"ಒಳಗಿದ್ದೀರಲ್ಲ ಸಾರ್."

"ಅದೇ, ಆಚೆ ಹೋಗ್ಬೇಕು."

"ಆಚೆ ಹೋಗೋಕೆ ಪಾಸ್ ಬೇಕು ಸಾರ್."

ಹಾಜರಿ ನೋಡುವ ಟೈಂ ಆಫೀಸಿಗೆ ಓಡಿದೆ. ಅಲ್ಲಿನ ಗುಮಾಸ್ತರು ಸಾವಧಾನವಾಗಿ ರಿಜಿಸ್ಟರು ತಿರುಗಿಸಿ, ನಾನು ಇಂದಿಗೂ ಮೆಚ್ಚಿಕೊಳ್ಳುವ ತರ್ಕವೊಂದನ್ನು ಮಂಡಿಸಿದರು. "ಮೂರ್ತಿ, ನಿಮ್ಮ ರಜೆ ಮಂಜೂರಾಗಿದೆ. ಅಂದ್ರೆ ನೀವು ಒಳಗಿಲ್ಲ. ಒಳಗೆ ಇಲ್ದೇ ಇರೋರಿಗೆ ಹೊರಗೆ ಹೋಗೋ ಪಾಸ್ ಹೇಗ್ ಕೊಡ್ಲಿ?"

"ಸ್ವಾಮಿ, ನಿಮ್ಮ ಎದುರಿಗೇ ನಿಂತಿದ್ದೀನಲ್ಲ!"

"ಅದು ನಿಮ್ಮ ವೈಯಕ್ತಿಕ ವಿಷಯ."

ಕೊನೆಗೆ ಅವರೇ ಕರುಣೆಯಿಂದ ದಾರಿ ತೋರಿಸಿದರು. ಮೊದಲು ರಜೆ ರದ್ದುಮಾಡಲು ಒಂದು ಅರ್ಜಿ. ರದ್ದಾದ ಮೇಲೆ ನಾನು ಒಳಗಿದ್ದೇನೆ ಎಂದಾಗುತ್ತದೆ. ಒಳಗಿದ್ದೇನೆ ಎಂದಾದ ಮೇಲೆ ಹೊರಗೆ ಹೋಗಲು ಇನ್ನೊಂದು ಅರ್ಜಿ. ಎರಡಕ್ಕೂ ನಮ್ಮ ವಿಭಾಗದ ಸಾಹೇಬರ ಸಹಿ. ಸಾಹೇಬರು ಬರುವುದು ಎಂಟೂವರೆಗೆ. ಈ ಪದ್ಧತಿಯನ್ನು ರೂಪಿಸಿದವರು ಯಾರು ಎಂದು ದಯವಿಟ್ಟು ಕೇಳಬೇಡಿ. ಪ್ಲಾನಿಂಗ್ ವಿಭಾಗ!

ಒಂದೂ ಮುಕ್ಕಾಲು ಗಂಟೆ ಆ ಗೇಟಿನ ಕಂಬಿಗಳ ಒಳಗೆ ನಿಂತು ನನ್ನ ಪ್ರವಾಸವನ್ನು ನೋಡಿದೆ. ಮಕ್ಕಳು ಬಸ್ಸಿನಿಂದ ಇಳಿದು ಗೇಟಿನ ಮುಂದೆ ಗುಂಪುಗೂಡಿದ್ದರು. ಮುನಿಯಪ್ಪನ ಮೀಸೆ ನೋಡಿ ಸಣ್ಣ ಹುಡುಗಿಯೊಬ್ಬಳು, "ಇದೇನಾ ಅರಮನೆ?" ಎಂದು ಕೇಳಿದಳು. ವಿದ್ಯಾ ಕಂಬಿಯ ಹತ್ತಿರ ಬಂದಳು.

"ಅಪ್ಪಾ, ಆಚೆ ಬಾ."

"ಬರ್ತೀನಿ ಪುಟ್ಟಾ. ಸಹಿ ಆಗ್ಬೇಕು."

"ಎಲ್ಲರೂ ನಿನ್ನನ್ನ ಅರೆಸ್ಟ್ ಮಾಡಿದಾರೆ ಅಂತಿದಾರೆ."

"ಇಲ್ಲ ಅಂತ ಹೇಳು."

"ಮತ್ತೆ ಏನಂತ ಹೇಳ್ಲಿ?"

"ಆರ್ಮುಗಂಗೆ ಹೇಳು, ಬಸ್ಸು ನೆರಳಿಗೆ ಹಾಕ್ಲಿ" ಎಂದೆ. ಆರ್ಮುಗಂ ದೂರದಿಂದಲೇ ಕೂಗಿದ, "ಸಾರ್, ನಾನ್ ಬ್ರೇಕ್ ಹಾಕಿದ್ದು ತಪ್ಪೇ. ಆದ್ರೆ ಇಳಿ ಅಂತ ನಾನ್ ಹೇಳಿಲ್ಲ ಸಾರ್!"

ಸಾಹೇಬರು ಬಂದರು. ಎರಡು ಅರ್ಜಿಯನ್ನೂ ಎರಡೆರಡು ಸಲ ಓದಿದರು. ಸಹಿ ಹಾಕಿದರು. ನಗು ತಡೆಯಲು ಅವರು ಪಡುತ್ತಿದ್ದ ಕಷ್ಟ ನೋಡಿ ನನಗೇ ಪಾಪ ಎನಿಸಿತು. ಹೊರಗೆ ಬಂದಾಗ ಒಂಬತ್ತಕ್ಕೆ ಹತ್ತು ನಿಮಿಷ. ಮಧ್ಯಾಹ್ನಕ್ಕೆಂದು ಕಟ್ಟಿಸಿದ್ದ ಪುಳಿಯೋಗರೆ ಪೊಟ್ಟಣಗಳು, ಇರ್ಫಾನನ ಎರಡು ಕ್ಯಾರಿಯರು, ಎಲ್ಲವನ್ನೂ ಮಕ್ಕಳು ಗೇಟಿನ ಮುಂದೆಯೇ ಮುಗಿಸಿದ್ದರು. ಮುನಿಯಪ್ಪನ ಮೀಸೆಗೂ ಒಂದೆರಡು ಅಗುಳು ಅಂಟಿತ್ತು.

ಕೆ.ಆರ್. ಪುರಂ ಮುಟ್ಟಿದಾಗ ಒಂಬತ್ತೂ ಹತ್ತು. ಏಳಕ್ಕೆ ಬಂದು ನಿಂತಿದ್ದ ಮಕ್ಕಳು ಕಲ್ಲುಚಪ್ಪಡಿಯ ಮೇಲೆ ಸಾಲಾಗಿ ಒಣಗುತ್ತಿದ್ದರು. ಶಾಂತಾ ಮಿಸ್ ಛತ್ರಿ ಬಿಚ್ಚಿದ್ದರು. ಶರಣಮ್ಮ ಮೊಮ್ಮಗಳ ಕೈ ಹಿಡಿದು ಅಡ್ಡ ನಿಂತರು.

"ಈಗ ಕಳಸಂಗಿಲ್ರಿ."

"ಅಮ್ಮ, ತಡ ಆಗಿದೆ. ಬೇಗ ಹತ್ತಿಸಿ."

"ರಾಹುಕಾಲ ಹತ್ಯದ. ನೀವು ಹೇಳಿದ್ರಿ, ಒಂಬತ್ತಕ್ಕ ವಡಿ ತಿಂತೀವಿ ಅಂತ. ಎಲ್ಲದರಿ ವಡಿ?"

ನೀಲಿ ಪ್ರತಿಯನ್ನು ತೆಗೆದು ನನ್ನ ಮೂಗಿನ ಮುಂದೆ ಹಿಡಿದರು. ಕೆಂಪಿಗೆ ಮೀಸಲಾದ ಚೌಕ. 'ಒಂಬತ್ತು ಗಂಟೆ: ಉಪಾಹಾರ, ಮದ್ದೂರು.' ನನ್ನದೇ ಅಕ್ಷರ!

ಉಳಿದ ಮಕ್ಕಳ ತಾಯಂದಿರು ಶರಣಮ್ಮನ ಬೆನ್ನಿಗೆ ನಿಂತರು. ನಾನು ಸಹಾಯಕ್ಕಾಗಿ ಶಾಂತಾ ಮಿಸ್ ಕಡೆ ನೋಡಿದೆ. ಅವರು ವಿಜ್ಞಾನವನ್ನೂ ಪಾಠ ಮಾಡುತ್ತಾರೆ. ಗ್ರಹಣದ ಮೇಲೆ ಮಾದರಿ ಮಾಡಿಸಿ ಬಹುಮಾನ ತೆಗೆದವರು. ಛತ್ರಿಯ ಕೆಳಗಿನಿಂದ ಮೆತ್ತಗೆ, "ಹತ್ತೂವರೆ ಆಗ್ಲಿ ಬಿಡಿ ಸರ್. ಮಕ್ಕಳ ವಿಷ್ಯ" ಎಂದರು.

ಹತ್ತೂವರೆಯವರೆಗೆ ಕೂತೆವು. ಶರಣಮ್ಮ ಎಲ್ಲರಿಗೂ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಜೀವನದಲ್ಲಿ ಅಂಥ ರುಚಿ ಕಂಡಿಲ್ಲ. ಆದರೆ ಒಂದೊಂದು ತುತ್ತಿಗೂ ನನ್ನ ಚಾರ್ಟಿನ ಒಂದೊಂದು ಹಸಿರು ಚೌಕ ಉದುರುತ್ತಿತ್ತು. ಬೆಟ್ಟ ಹೋಯಿತು. ಮೃಗಾಲಯ ಹೋಯಿತು, ಜಿರಾಫೆಯ ಆರು ನಿಮಿಷ ಸಮೇತ. ವಿದ್ಯಾ ಪೆನ್ಸಿಲ್ ಹಿಡಿದು ಒಂದೊಂದನ್ನೇ ಹೊಡೆದು ಹಾಕುತ್ತ ಬಂದಳು. ಅರಮನೆಯ ಹತ್ತಿರ ಬಂದಾಗ ಅವಳ ಕೈ ನಿಂತಿತು.

"ಅಪ್ಪ, ಅರಮನೆಗೆ ಎಷ್ಟೊತ್ತಿನ ತನಕ ಒಳಗೆ ಬಿಡ್ತಾರೆ?"

"ಐದೂವರೆ ತನಕ."

"ಹೋಗ್ತೀವಾ?"

"ಹೋಗ್ತೀವಿ." ಪ್ಲಾನಿಂಗ್ ವಿಭಾಗದವನು ಎಂದು ಸೇರಿಸಲು ಬಾಯಿ ಬರಲಿಲ್ಲ.

ಹತ್ತೂವರೆಗೆ ಹೊರಟೆವು. ಆಗಲೇ ನನಗೆ ಭೂಗೋಳ ಹೊಳೆದದ್ದು. ಮೈಸೂರಿಗೆ ಹೋಗಬೇಕಾದರೆ ಬಂದ ದಾರಿಯಲ್ಲೇ ಇಡೀ ಊರನ್ನು ವಾಪಸು ದಾಟಬೇಕು. ಅಂದರೆ ಇಂದಿರಾನಗರದ ಪಕ್ಕ, ಹಲಸೂರಿನ ನಡುವೆ. ಅಂದರೆ ಶಾಲೆಯ ಮುಂದೆ! ಅಂದು ಶನಿವಾರ, ಅರ್ಧ ದಿನ ಶಾಲೆ. ಹನ್ನೊಂದೂ ಕಾಲಿಗೆ ಮಕ್ಕಳನ್ನು ಬಿಡುವಾಗ ಹೆಡ್ ಮಿಸ್ ಗೇಟಿನಲ್ಲೇ ನಿಂತಿರುತ್ತಾರೆ. ಗಡಿಯಾರ ನೋಡಿದೆ. ಹನ್ನೊಂದೂ ಹದಿನಾಲ್ಕು. ಕಾರ್ಖಾನೆಯ ಗೇಟಿನಿಂದೀಚೆಗೆ ಅದೊಂದು ಮಾತ್ರ ಕರಾರುವಾಕ್ಕಾಗಿತ್ತು.

"ಮಕ್ಕಳೇ! ಎಲ್ಲರೂ ತಲೆ ಬಗ್ಗಿಸಿ! ಸೀಟಿನ ಕೆಳಗೆ! ಬೇಗ!"

ನಲವತ್ತೆರಡು ತಲೆಗಳು ಮಾಯವಾದವು. ಶಾಂತಾ ಮಿಸ್ ಛತ್ರಿ ಸಮೇತ ಬಗ್ಗಿದರು. ಬಸ್ಸು ಶಾಲೆಯ ಮುಂದೆ ಬಂದದ್ದೇ ಸಿಗ್ನಲ್ಲು ಕೆಂಪಾಯಿತು. ಗೇಟಿನಲ್ಲಿ ಹೆಡ್ ಮಿಸ್. ಮೊದಲು ಬ್ಯಾನರು ಓದಿದರು. ಮೈಸೂರು ಶೈಕ್ಷಣಿಕ ಪ್ರವಾಸ. ಆಮೇಲೆ ಖಾಲಿ ಕಿಟಕಿಗಳನ್ನು ನೋಡಿದರು. ಆಮೇಲೆ, ಬಸ್ಸಿನ ನಟ್ಟನಡುವೆ ಕಂಬಿ ಹಿಡಿದು ನಿಂತಿದ್ದ ನನ್ನನ್ನು ನೋಡಿದರು.

ಎಲ್ಲರನ್ನೂ ಬಗ್ಗಿಸಿದ ನಾನು, ನಾನೂ ಬಗ್ಗಬೇಕೆಂಬುದನ್ನು ಯೋಜನೆಯಲ್ಲಿ ಸೇರಿಸಿರಲಿಲ್ಲ!

ಏನು ಮಾಡುವುದೆಂದು ತೋಚದೆ ಕೈ ಬೀಸಿದೆ. ಅವರೂ ಕೈ ಬೀಸಿದರು. ಅಭ್ಯಾಸಬಲ ಇರಬೇಕು. ಸಿಗ್ನಲ್ಲು ಹಸಿರಾಯಿತು.

ಮೈಸೂರು ರಸ್ತೆ ಹಿಡಿಯುವಾಗ ಹನ್ನೆರಡೂ ಕಾಲು. ಪುಳಿಯೋಗರೆ ಮುಗಿದಿದ್ದರಿಂದ ಊಟಕ್ಕೆ ಮದ್ದೂರಿನಲ್ಲಿ ನಿಲ್ಲಿಸಲೇಬೇಕಾಯಿತು. ವಡೆ ಬಂತು, ತಿಂದೆವು, ಅದಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ಆಮೇಲೆ ಒಬ್ಬ ಹುಡುಗ ಕಿರುಬೆರಳು ಎತ್ತಿದ. ಅವನ ಹಿಂದೆ ನಲವತ್ತೊಂದು ಕಿರುಬೆರಳುಗಳು. ಆ ಹೋಟೆಲಿನಲ್ಲಿ ಇದ್ದದ್ದು ಎರಡು ಶೌಚಾಲಯ, ಅದರಲ್ಲಿ ಒಂದರ ಚಿಲಕ ಕೆಟ್ಟಿತ್ತು. ಮುಕ್ಕಾಲು ಗಂಟೆ! ಯಾವ ಬಣ್ಣವೂ ಇಲ್ಲದ ಮುಕ್ಕಾಲು ಗಂಟೆ! ಚಿಲಕ ಕೆಟ್ಟ ಬಾಗಿಲನ್ನು ಹೊರಗಿನಿಂದ ಎಳೆದು ಹಿಡಿದು ನಿಂತ ನನಗೆ ಪದ್ಮಾಳ ಮುಖ ಕಣ್ಣಮುಂದೆ ಬಂತು. ಆ ಮುಖ ನಗುತ್ತಿರಲಿಲ್ಲ. ಅದೇ ಹೆಚ್ಚು ನೋವಾದದ್ದು.

"ಆರ್ಮುಗಂ, ಐದೂವರೆ ಒಳಗೆ ಅರಮನೆ. ಆಗುತ್ತಾ?"

"ಸಾರ್, ದಾರಿಲಿ ಯಾವ ಫ್ಯಾಕ್ಟರಿನೂ ಇಲ್ದಿದ್ರೆ ಆಗುತ್ತೆ ಸಾರ್."

ಶ್ರೀರಂಗಪಟ್ಟಣದ ಚರಿತ್ರೆಯನ್ನು ಶಾಂತಾ ಮಿಸ್ ಓಡುವ ಬಸ್ಸಿನಲ್ಲೇ ಪಾಠ ಮಾಡಿದರು. "ಬಲಗಡೆ ನೋಡಿ ಮಕ್ಕಳೇ, ಕೋಟೆ" ಎನ್ನುವಷ್ಟರಲ್ಲಿ ಸೇತುವೆ, "ಎಡಗಡೆ ನೋಡಿ, ಕಾವೇರಿ" ಎನ್ನುವಷ್ಟರಲ್ಲಿ ಲಾರಿ. ಒಂದು ಸಾಮ್ರಾಜ್ಯದ ಏಳುಬೀಳು ಮೂರೂವರೆ ನಿಮಿಷದಲ್ಲಿ ಮುಗಿಯಿತು. ಬಸ್ಸಿನಲ್ಲಿ ಈಗ ಯಾರೂ ಹಾಡುತ್ತಿರಲಿಲ್ಲ. ಎಲ್ಲರ ಕಣ್ಣೂ ಆರ್ಮುಗಂನ ತಲೆಯ ಮೇಲಿದ್ದ ಗಡಿಯಾರದ ಮೇಲೆ. ಮಹಾದೇವಿ ಸಣ್ಣ ದನಿಯಲ್ಲಿ ನನ್ನನ್ನು ಕೇಳಿದಳು, "ಅಂಕಲ್ರಿ, ಒಳಗ ಬಿಡದಿದ್ರ ಗೇಟಿನಾಗಿಂದರ ನೋಡಬಹುದೇನ್ರಿ?"

ಬೆಳಗ್ಗೆ ತಾನೇ ಗೇಟಿನ ಒಳಗಿನಿಂದ ಹೊರಗೆ ನೋಡಿದ್ದವನು ನಾನು. ಆ ನೋಟದಲ್ಲಿ ಏನೂ ಸುಖವಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. "ಒಳಗೇ ನೋಡ್ತೀಯ ತಾಯಿ" ಎಂದೆ.

ಐದೂ ಹದಿನೈದಕ್ಕೆ ಅರಮನೆಯ ಮುಂದೆ ಬಸ್ಸು ನಿಂತಿತು. ಶಾಂತಾ ಮಿಸ್ ಶಾಲೆಯ ಪತ್ರ ಹಿಡಿದು ಟಿಕೇಟಿಗೆ ಓಡಿದರು. ಮಕ್ಕಳನ್ನು ಓಡಿಸಿಕೊಂಡು ನಾನು ಬಾಗಿಲಿನ ಹತ್ತಿರ ಬಂದೆ. ಐದೂ ಇಪ್ಪತ್ಮೂರು. ಗೆದ್ದೆವು ಎಂದುಕೊಂಡೆ!

"ಚಪ್ಪಲಿ, ಬೂಟು ಬಿಟ್ಟು ಬನ್ನಿ" ಎಂದ ಬಾಗಿಲಿನವನು.

ಪಾದರಕ್ಷೆ ಬಿಡುವ ಕಡೆ ನೋಡಿದೆ. ನಮ್ಮ ಮುಂದೆ ಇನ್ನೂ ಎರಡು ಶಾಲೆಗಳು ಸಾಲು ನಿಂತಿದ್ದವು. ಒಂದೊಂದು ಜೊತೆಗೂ ಒಂದೊಂದು ಟೋಕನ್ನು. ಅಷ್ಟೂ ಮುಗಿಯುವಾಗ ಆರು ದಾಟುತ್ತದೆ. ನನ್ನ ಚಾರ್ಟಿನಲ್ಲಿ ಬೂಟಿಗೆ ಒಂದು ಸೆಕೆಂಡೂ ಇರಲಿಲ್ಲ. ನಲವತ್ತೆರಡು ಮುಖಗಳು ನನ್ನ ಕಡೆ ತಿರುಗಿದವು. ಈ ಸಲ ಯಾರೂ ನಗಲಿಲ್ಲ.

"ಇಲ್ಲೇ ಬಿಡ್ರೋ!" ಎಂದೆ. "ಈ ಮೂಲೇಲಿ, ಗುಡ್ಡೆ ಹಾಕಿ! ನಾನು ನೋಡ್ಕೋತೀನಿ. ನೀವು ಓಡಿ!"

"ಸರ್, ನೀವು?" ಎಂದರು ಶಾಂತಾ ಮಿಸ್, ತಮ್ಮ ಚಪ್ಪಲಿಯನ್ನು ಗುಡ್ಡೆಯ ಮೇಲೆ ಎಸೆಯುತ್ತಲೇ.

"ನಾನು ಆಮೇಲೆ ನೋಡ್ತೀನಿ. ಹೋಗಿ ಮಿಸ್, ಹೋಗಿ!"

ಮಕ್ಕಳು ಬರಿಗಾಲಲ್ಲಿ ಓಡಿದರು. ಕೊನೆಯವನು ಇರ್ಫಾನ್. ಅವನು ಹೊಸ್ತಿಲು ದಾಟಿದಾಗ ಐದೂ ಇಪ್ಪತ್ತೊಂಬತ್ತು. ಅವನ ಹಿಂದೆ ಬಾಗಿಲಿನವನು ಸರಪಳಿ ಎಳೆದ.

ನಾನು ಗುಡ್ಡೆಯ ಮುಂದೆ ನಿಂತೆ. ಎಲ್ಲ ಒಂದೇ ಥರದ ಬಿಳಿ ಕ್ಯಾನ್ವಾಸ್ ಶೂಗಳು. ಎಡ ಬಲ ಬೆರೆತು ಹೋಗಿದ್ದವು. ಒಂದು ಗಂಟೆ ಸುಮ್ಮನೆ ನಿಲ್ಲುವುದು ಹೇಗೆ? ಕೂತು ಜೋಡಿಸಲು ಶುರು ಮಾಡಿದೆ. ಅಳತೆಯ ಪ್ರಕಾರ ಸಾಲು, ಹುಡುಗರದು ಆ ಕಡೆ, ಹುಡುಗಿಯರದು ಈ ಕಡೆ, ಲೇಸುಗಳೆಲ್ಲ ಒಳಗೆ. ದಾವಣಗೆರೆ ಕಡೆಯ ಒಂದು ಸಂಸಾರ ಹೊರಗಿನ ಗುಡಿಗೆ ಹೋಗಬೇಕೆಂದು ನನ್ನ ಮುಂದೆಯೇ ಚಪ್ಪಲಿ ಕಳಚಿ, "ಸ್ವಲ್ಪ ನೋಡ್ಕೊಳ್ರಿ ಯಜಮಾನ್ರೆ" ಎಂದಿತು. ಬೇಡ ಎನ್ನಲು ಮನಸ್ಸಾಗಲಿಲ್ಲ. ಅವರಿಗೊಂದು ಪ್ರತ್ಯೇಕ ಸಾಲು ಮಾಡಿದೆ. ಅವರನ್ನು ನೋಡಿ ಇನ್ನೂ ಮೂರು ಸಂಸಾರ ಬಂತು.

ಆರೂವರೆಗೆ ಮಕ್ಕಳು ಹೊರಬಂದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಒಬ್ಬಳಿಗೆ ಬಣ್ಣದ ಗಾಜಿನ ಛಾವಣಿ, ಒಬ್ಬನಿಗೆ ಚಿನ್ನದ ಅಂಬಾರಿ. ಇರ್ಫಾನ್ ಚಿತ್ರಪಟದಲ್ಲಿ ಕಂಡ ಕೋಟಿನ ಗುಂಡಿಗಳನ್ನು ಬೆರಳಲ್ಲಿ ಎಣಿಸಿ ಗಟ್ಟಿ ಮಾಡುತ್ತಿದ್ದ. ಮಹಾದೇವಿ ಹಿಂತಿರುಗಿ ಹಿಂತಿರುಗಿ ನೋಡುತ್ತಿದ್ದಳು. ಎರಡೇ ನಿಮಿಷದಲ್ಲಿ ಎಲ್ಲರಿಗೂ ಅವರವರ ಶೂ ಸಿಕ್ಕಿತು.

"ಅಪ್ಪ, ನೀನು ನೋಡ್ಲೇ ಇಲ್ವಲ್ಲ" ಎಂದಳು ವಿದ್ಯಾ, ನನ್ನ ಪಕ್ಕ ಕೂತು ಲೇಸು ಕಟ್ಟುತ್ತ.

"ಬಾಗಿಲು ನೋಡಿದೆ ಪುಟ್ಟಾ. ಒಳ್ಳೇ ಬಾಗಿಲು."

ಅವಳು ನಕ್ಕಳು. ಬೆಳಗ್ಗೆಯಿಂದ ಮೊದಲ ಸಲ.

ವಾಪಸು ಬಂದದ್ದನ್ನು ವಿವರಿಸುವುದಿಲ್ಲ. ಮೈಸೂರಿನಲ್ಲೇ ಬೂತಿನಿಂದ ಶಾಲೆಯ ಜವಾನನ ಪಕ್ಕದ ಮನೆಗೆ ಫೋನು ಮಾಡಿ ತಡವೆಂದು ಹೇಳಿಸಿದ್ದೆವು. ಸ್ಟಾಪು ಸ್ಟಾಪಿಗೆ ಇಳಿಸುತ್ತ ಬಂದು ಕಾರ್ಖಾನೆಯ ಗೇಟು ದಾಟುವಾಗ, ಕೆ.ಆರ್. ಪುರಂನ ಏಳೂ ಮಕ್ಕಳು ಎದ್ದು ನನ್ನ ಎರಡೂ ತೋಳು ಹಿಡಿದುಕೊಂಡಿದ್ದರು ಎಂದಷ್ಟೇ ಹೇಳುತ್ತೇನೆ.

ಸೋಮವಾರ ಹೆಡ್ ಮಿಸ್ ಕರೆಸಿದರು. ಮೇಜಿನ ಮೇಲೆ ನಲವತ್ತೆರಡು ಪ್ರಬಂಧಗಳು. 'ನಮ್ಮ ಪ್ರವಾಸ.' ನಾನು ನಿಂತೇ ಇದ್ದೆ. ಕ್ಷಮಾಪಣೆಯನ್ನು ಮೂರು ಭಾಗವಾಗಿ ಯೋಜಿಸಿಕೊಂಡು ಹೋಗಿದ್ದೆ.

"ಮೂರ್ತಿಯವ್ರೇ, ಹನ್ನೊಂದೂ ಕಾಲಿಗೆ ಒಂದು ಖಾಲಿ ಬಸ್ಸು ನೋಡ್ದೆ."

"ಖಾಲಿ ಇರ್ಲಿಲ್ಲ ಮೇಡಂ."

"ಗೊತ್ತಾಯ್ತು. ಇದರಲ್ಲಿ ಬರ್ದಿದಾರೆ. ಸೀಟಿನ ಕೆಳಗೆ ಯಾರು ಯಾರ ಕಾಲು ತುಳಿದ್ರು ಅಂತ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಭುಜ ಕುಲುಕುತ್ತಿತ್ತು. "ಹೋಗ್ಲಿ. ಮಾತು ಅಂದ್ರೆ ಮಾತು. ಎಲ್ಲಾ ಮಕ್ಕಳೂ ಅರಮನೆ ಒಳಗೆ ನೋಡಿದಾರೆ. ಮುಂದಿನ ವರ್ಷನೂ ಟೂರ್ ಇರುತ್ತೆ. ಬೇಲೂರು, ಹಳೇಬೀಡು."

ನನ್ನ ಎದೆ ಉಬ್ಬಿತು. "ಮೇಡಂ, ಇವತ್ತೇ ಚಾರ್ಟು ಶುರು ಮಾಡ್ತೀನಿ!"

"ಅಯ್ಯೋ, ಬೇಡ ಬೇಡ! ಪ್ಲಾನಿಂಗ್ ಎಲ್ಲಾ ಶಾಂತಾ ಮಿಸ್ ಮಾಡ್ತಾರೆ. ಆದ್ರೆ ನೀವು ಬರ್ಲೇಬೇಕು ಅಂತ ಮಕ್ಕಳು ಹಟ ಹಿಡಿದಿದಾರೆ." ಅವರು ಒಂದು ಪ್ರಬಂಧವನ್ನು ಎತ್ತಿ ಹಿಡಿದರು. "ನಲವತ್ಮೂರು ಜೊತೆ ಶೂ, ಚಪ್ಪಲಿ, ಒಂದೂ ಕಳೆದಿಲ್ಲ, ಒಂದೂ ಬೆರೆತಿಲ್ಲ. ಅಂಥ ಜೋಡಣೆ ಯಾರಿಗೂ ಬರಲ್ವಂತೆ."

ಮನೆಗೆ ಬಂದು ಪದ್ಮಾಗೆ ಹೇಳಿದೆ. ಅವಳು ಒಗ್ಗರಣೆ ಹಾಕುತ್ತ, "ಹದಿನೆಂಟು ವರ್ಷ ಆದ್ಮೇಲೆ ಬಡ್ತಿ ಸಿಕ್ತಲ್ಲ, ಬಿಡಿ" ಎಂದಳು.

ಮರುವರ್ಷ ಹೋಗಿ ಬಂದೆ. ಬೇಲೂರು, ಹಳೇಬೀಡು ಎರಡೂ ಹೊರಗಿನಿಂದ ತುಂಬ ಚೆನ್ನಾಗಿವೆ.